ಕಾಲು ಮುಂದಾಗಿ ಹುಟ್ಟಿದವಳು

ಬೋರಲು ಮಲಗಿದ್ದ ಭತ್ತದ ಸಾವುಕಾರ ಪರಮೇಶ್ವರಪ್ಪನ ಸೊಂಟದ ಮೇಲೆ ಎತ್ತಿದ ಕಾಲನ್ನು ಹೊನ್ನವ್ವ ಹಾಗೆಯೇ ತಡೆದಳು. ಹುಟ್ಟುವಾಗ ಕಾಲು ಮುಂದಾಗಿ ಬಂದವಳು ಅವಳು. ಅಂಥವರು ಒದ್ದರೆ ಉಳುಕು ಬಿಡುತ್ತದೆಂದು ಹಾನಗಲ್ಲಿಗೆ ಹಾನಗಲ್ಲೇ ನಂಬಿತ್ತು. ಶಿಗ್ಗಾಂವಿಗೆ ಚಕ್ಕಡಿ ಕಳಿಸಿ ಕರೆಸಿದ ವೈದ್ಯರ ಎಣ್ಣೆಗೂ ಉಳುಕು ಜಗ್ಗದಿದ್ದಾಗ ಅವಳಿಗೆ ಕರೆ ಬಂದಿತ್ತು.

“ಒದಿಯವ್ವ, ಜೀವ ಹೋಗಾಕತ್ತೈತಿ,” ಎಂದು ಸಾವುಕಾರ ನರಳಿದ.

ಹೋದ ಸುಗ್ಗಿಯಲ್ಲಿ ಇದೇ ಅಂಗಳದಲ್ಲಿ ಅವಳ ಗಂಡ ದ್ಯಾಮಣ್ಣ ಭತ್ತದ ಚೀಲದಡಿ ಕುಸಿದು ಹೀಗೆಯೇ ನರಳಿದ್ದ. ಒದ್ದು ನೋಡುತ್ತೇನೆಂದು ಅವಳು ಓಡಿ ಬಂದಾಗ ಸಾವುಕಾರನ ಇದೇ ಬಾಯಿ ಅಂದಿತ್ತು: “ಗಂಡಗ ಕಾಲು ತಾಗಸ್ತಿಯೇನ? ಸರಿ ಅತ್ತಾಗ. ಮೈಗಳ್ಳ ಅದಾನ. ಇನ್ನೊಂದು ಚೀಲ ಹೊರಸ್ರಿ, ತಾನ ನೆಟ್ಟಗಾಗ್ತಾನ.” ಹೊರಿಸಿದರು. ಅಂದಿನಿಂದ ದ್ಯಾಮಣ್ಣನಿಗೆ ಎದ್ದು ಕೂರಲೂ ಆಗಿಲ್ಲ. ಇವತ್ತೂ ಅವನ ಬಾಯಿಗೆ ಗಂಜಿ ಹಾಕಿಯೇ ಅವಳು ಬಂದಿದ್ದಳು.

ಈಗ ಒದ್ದರೆ ಈ ಸಾವುಕಾರ ಎದ್ದು ನಿಂತಾನು ಎಂಬುದೇ ಅವಳ ಹೊಟ್ಟೆಯೊಳಗೆ ಬೆಂಕಿ ಹಚ್ಚಿತು. ಕಾಲನ್ನು ನೆಲಕ್ಕೆ ಅಪ್ಪಳಿಸಿ, ಎಣ್ಣೆ ಬಟ್ಟಲು ಹಿಡಿದು ನಿಂತಿದ್ದ ಸಾವುಕಾರನ ಹೆಂಡತಿಯತ್ತ ತಿರುಗಿದಳು.

“ಒಂದು ಚೀಲ ಭತ್ತ ಹೊರಸ್ರಿ, ಅಕ್ಕಾರ. ತಾವ ನೆಟ್ಟಗಾಗ್ತಾರ.”