ಅಕ್ಕ ಒತ್ತುತ್ತಿದ್ದ ಜಾಗ

ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮೆತ್ತನೆಯ ಜಾಗಕ್ಕೆ ಡಾಕ್ಟರ್ ಸುಮೇಧ ಕೂದಲಿನಷ್ಟು ತೆಳ್ಳಗಿನ ಅಕ್ಯುಪಂಕ್ಚರ್ ಸೂಜಿ ಚುಚ್ಚಿದಾಗ ಅರವತ್ತೆಂಟರ ಸೀತಾಲಕ್ಷ್ಮಿಗೆ ನೋವಾಗಲಿಲ್ಲ, ಅಕ್ಕನ ನೆನಪಾಯಿತು.

“ಹಲ್ಲುನೋವಿಗೆ ಕೈಗ್ಯಾಕೆ ಡಾಕ್ಟ್ರೇ?”

“ಇಲ್ಲಿನ ನರ ಮೆದುಳಿಗೆ ಸುದ್ದಿ ಕಳಿಸುತ್ತೆ ಆಂಟಿ. ಆಗ ಮೆದುಳೇ ನೋವು ತಗ್ಗಿಸುತ್ತೆ ಅಂತಾರೆ. ಎಲ್ರಿಗೂ ಕೆಲಸ ಮಾಡಲ್ಲ. ಸೋಮವಾರ ಡೆಂಟಿಸ್ಟ್ ಹತ್ರ ಹೋಗೋದು ತಪ್ಪಿಸ್ಬೇಡಿ.”

ಜಯನಗರದ ಹಳೇ ಮನೆಯಲ್ಲಿ ಏಳು ವರ್ಷದ ಸೀತು ದವಡೆ ಹಿಡಿದು ಅಳುತ್ತಿದ್ದರೆ, ಅಕ್ಕ ಕಮಲಾಕ್ಷಿ ಇದೇ ಜಾಗವನ್ನು ಒತ್ತಿ ಹಿಡಿದು, ನಿದ್ದೆ ಬರುವ ತನಕ ಮಗ್ಗಿ ಹೇಳುತ್ತಿದ್ದಳು. ಮನೆಯವರೆಲ್ಲ ನಗುತ್ತಿದ್ದರು. ಈಗ ಅಕ್ಕ ಇರುವುದು ಬನಶಂಕರಿಯಲ್ಲೇ. ಆದರೆ ಅಮ್ಮನ ವೀಣೆ ಯಾರಿಗೆ ಎಂಬ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

ಇಪ್ಪತ್ತು ನಿಮಿಷದಲ್ಲಿ ದವಡೆಯ ಸಿಡಿತ ಇಳಿಯಿತು. ಸೀತಾಲಕ್ಷ್ಮಿ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದಳು.

“ಅಕ್ಕ, ನಾನು ಸೀತು. ಹಲ್ಲುನೋವು ಕಣೇ.” ಕಡಿಮೆಯಾದದ್ದನ್ನು ಹೇಳಲಿಲ್ಲ.

“ಯಾವ ಕಡೆದು?” ಎಂದಳು ಕಮಲಾಕ್ಷಿ. “ಎಲ್ಲಿದೀಯ ಹೇಳು, ಆಟೋ ಹಿಡ್ಕೊಂಡು ಬರ್ತೀನಿ.”