ಎಜ್ರಾನ ಪಾಲು

"ಅಲ್ಲಿ ತಪ್ಪಿತು ಸರ್," ಅಂತ ಕಾಲಿನ್ ಕೈ ಎತ್ತಿದ. ಡ್ರಮ್ಮು ನಿಂತಿತು. "ಎರಡನೇ ಸಾಲು ಮುಗಿದ ಮೇಲೆ ನೀವು ಏನೂ ನುಡಿಸಬಾರದು. ಸುಮ್ಮನಿರಬೇಕು. ನಿಮ್ಮ ರೆಕಾರ್ಡಲ್ಲೇ ಹಾಗಿದೆಯಲ್ಲ."

ಓಡೆಲ್ ಪಿಕೆನ್ಸ್ ಗಿಟಾರಿನ ಮೇಲೆ ಕೈಯಿಟ್ಟು ಆ ಇಂಗ್ಲಿಷ್ ಹುಡುಗನ ಮುಖವನ್ನೇ ನೋಡಿದ. ತಾನೇ ಕಟ್ಟಿದ ಹಾಡು. ಪ್ರಾಯದಲ್ಲಿ ಅಮೆರಿಕದ ಇದೇ ಮೆಂಫಿಸ್‌ನಲ್ಲಿ ಒಂದೇ ಒಂದು ಸಲ ರೆಕಾರ್ಡ್ ಮಾಡಿದ್ದು. ಕಾಲಿನ್‌ನ ಬ್ಯಾಂಡಿನ ಈ ಉದ್ದಕೂದಲಿನ ಲಂಡನ್ನಿನವರು ಅದನ್ನು ಜೋರು ತಾಳಕ್ಕೆ ಹತ್ತಿಸಿ ಲೋಕವನ್ನೆಲ್ಲ ಕುಣಿಸಿದರು. ಅಷ್ಟೂ ಕಾಲ ಇವನು ಹೋಟೆಲಿನ ನೆಲ ಒರೆಸಿಕೊಂಡಿದ್ದ. ಈಗ ಅವರೇ ಹುಡುಕಿಕೊಂಡು ಬಂದು, ಇವತ್ತು ಸಂಜೆ ನಮ್ಮ ಜೊತೆ ನುಡಿಸಿ ಅಂದಾಗ ಮಗಳು ವರ್ಲೀನ್ ಅಂಗಿಗೆ ಇಸ್ತ್ರಿ ಹಾಕಿ ಕರೆತಂದಿದ್ದಳು.

"ಅದು ಸುಮ್ಮನಿರೋ ಜಾಗ ಅಲ್ಲ, ಮರಿ," ಅಂದ ಓಡೆಲ್. "ಅಲ್ಲಿ ನನ್ನ ತಮ್ಮ ಎಜ್ರಾ ನುಡಿಸಬೇಕಿತ್ತು. ರೆಕಾರ್ಡಿಗೆ ಬರೋ ಹಿಂದಿನ ದಿನ ಬಿಳಿಯರು ಅವನನ್ನ ಸೇತುವೆ ಹತ್ರ ಹೊಡೆದು ಕೊಂದ್ರು. ಕರಿಯನಾಗಿ ಪಕ್ಕಕ್ಕೆ ಸರಿದು ತಮಗೆ ದಾರಿ ಬಿಡಲಿಲ್ಲವಂತೆ. ನಾನೊಬ್ಬನೇ ಬಂದೆ. ಅವನ ಸರದಿ ಬಂದಾಗ ನನ್ನ ಕೈ ಏಳಲಿಲ್ಲ. ಆಮೇಲೆ ಅವನ ಪಾಲನ್ನೂ ಕಲಿತೆ. ಒಂದ್ಸಲ, ಜನರ ಮುಂದೆ, ಅದನ್ನ ಕೇಳಿಸಿಬಿಟ್ರೆ ಸಾಕು ನನಗೆ."

ಕಾಲಿನ್ ಕಣ್ಣಲ್ಲಿ ನೀರು ಬಂತು. ನಿಜವಾದ ನೀರೇ. ಹಾಳಾದ್ದು, ಸುಳ್ಳಾಗಿದ್ದರೆ ಎಷ್ಟೋ ವಾಸಿಯಿತ್ತು.

"ಹಾಡಿಗೆ ಮುಂಚೆ ಇದನ್ನ ಜನಕ್ಕೂ ಹೇಳಿ ಸರ್. ಆದರೆ ಆ ಜಾಗ ಮಾತ್ರ ಖಾಲಿ ಬಿಡಿ. ಅವರು ಚಪ್ಪಾಳೆ ತಟ್ಟೋದೇ ಅಲ್ಲಿ."

"ಹಾಡು ಯಾರದ್ದು?" ಅಂತ ವರ್ಲೀನ್ ಕಾಲಿನ್‌ನನ್ನು ಕೇಳಿದಳು.

"ಇವರದ್ದೇ ಮೇಡಂ. ಹೋದಲ್ಲೆಲ್ಲ ಹೇಳ್ತೀವಲ್ಲ."

"ಹೇಳ್ತೀರಿ. ಕೇಳಿಸಿಕೊಳ್ಳೋದು ಯಾವತ್ತು?"

ಸಂಜೆ ಕೂರಲು ಜಾಗವಿಲ್ಲದಷ್ಟು ಜನ. ಓಡೆಲ್ ಕಥೆ ಹೇಳಲಿಲ್ಲ, ಹಾಡಿದ. ಎರಡನೇ ಸಾಲು ಮುಗಿಯಿತು, ಡ್ರಮ್ಮು ನಿಂತಿತು. ಅವನು ಕಣ್ಣು ಮುಚ್ಚಿ ತಮ್ಮನ ಪಾಲು ನುಡಿಸತೊಡಗಿದ. ಬೆರಳು ಓಡಿತು, ತಂತಿ ನಡುಗಿತು, ಎದೆಗೊತ್ತಿದ ಮರ ಗುಂಯ್‌ಗುಟ್ಟಿತು. ಸ್ಪೀಕರಿನಿಂದ ಮಾತ್ರ ಒಂದು ಸ್ವರವೂ ಹೊರಡಲಿಲ್ಲ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಓಡೆಲ್ ಕಣ್ಣು ತೆರೆದು ತಿರುಗಿ ನೋಡಿದ. ಹಿಂದೆ ಸ್ಪೀಕರಿನ ಮೇಲಿದ್ದ, ಅವನ ಗಿಟಾರಿನ ಸದ್ದಿನ ಗುಂಡಿಯನ್ನು ಪೂರ್ತಿ ಕೆಳಗಿಳಿಸಿ, ಅದರ ಮೇಲಿನ ಕೈ ತೆಗೆಯದೆ, ಕಾಲಿನ್ ಬಹಳ ಗೌರವದಿಂದ ತಲೆ ಬಾಗಿಸಿ ನಿಂತಿದ್ದ.