ತೊಲೆಯ ಮೇಲಿನ ಕೋಲು

"ಕೋಲೆಲ್ಲಿ ಅಮ್ಮಾ?" ಅಟ್ಟಣಿಗೆಯ ಮೇಲೆ ನಿಂತ ಮುದುಕ ಬಡಗಿ ಖ್ವಾತ್, ದುರಸ್ತಿಗೆಂದು ಹೆಂಚು ಇಳಿಸಿದ್ದ ಊರಗುಡಿಯ ನೆತ್ತಿಯ ತೊಲೆಯ ಮೇಲೆ ಕೈಯಾಡಿಸುತ್ತಲೇ ಇದ್ದ. "ಕಟ್ಟಿದ ಬಡಗಿ ಇಲ್ಲೊಂದು ಬಿದಿರುಗೋಲು ಇಟ್ಟೇ ಇರ್ತಾನೆ. ಅಷ್ಟೂ ಅಳತೆನ ಅದರ ಮೇಲೆ ಮಸೀಲಿ ಗೀಟು ಹಾಕಿರ್ತಾನೆ."

ಕೆಳಗೆ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ ಹಾನೋಯ್‌ನ ಎಂಜಿನಿಯರ್ ಥುಕ್ ನಕ್ಕಳು. "ಅಳತೆ ತಾನೆ ಅಜ್ಜ? ಲೇಸರ್‌ನಲ್ಲಿ ಕೂದಲೆಳೆಯಷ್ಟೂ ಬಿಡದೆ ಅಳೆದಿದ್ದೀನಿ. ಪೂರ್ತಿ ಗುಡಿ ಇದರೊಳಗಿದೆ."

"ನೀನು ಅಳೆದಿದ್ದು ಇನ್ನೂರು ವರ್ಷ ಕುಸಿದು ವಾಲಿರೋ ಗುಡೀನ. ಕಟ್ಟಿದಾಗ ಹೇಗಿತ್ತು ಅಂತ ಆ ಕೋಲಿಗೆ ಮಾತ್ರ ಗೊತ್ತು."

ಅವಳ ನಗು ಅಲ್ಲೇ ನಿಂತಿತು. ಕಂಪ್ಯೂಟರಿನ ಗುಡಿಯನ್ನು ಚೊಕ್ಕ ಮಾಡುವಾಗ ತೊಲೆಯ ಮೇಲಿದ್ದ ಕೋಲೊಂದನ್ನು ಕಸವೆಂದು ಅಳಿಸಿದ್ದಳು. ಬಿಚ್ಚುವ ಆಳುಗಳಿಗೆ ಪಟ್ಟಿ ಕೊಟ್ಟವಳೂ ಅವಳೇ: ನಂಬರಿದ್ದುದನ್ನು ಜೋಪಾನವಾಗಿ ಇಳಿಸಿ, ಇಲ್ಲದ್ದನ್ನು ಒಲೆಗೆ ಹಾಕಿ. ಅಂಗಳದಲ್ಲಿ ಆಳುಗಳ ಹಸಿರು ಚಹಾ ಕುದಿಯುತ್ತಿತ್ತು. ಒಲೆಯ ಬಾಯಲ್ಲಿ ಉರಿದು ಗೇಣುದ್ದ ಉಳಿದ ಹಳೆಯ ಬಿದಿರಿತ್ತು. ಓಡಿಹೋಗಿ ಎಳೆಯುವಷ್ಟರಲ್ಲಿ ಅದು ಕೆಂಡವಾಗಿ ಮುರಿಯಿತು.

"ತಾಳಿ ಅಜ್ಜ, ಅಳಿಸೋಕೆ ಮುಂಚಿನ ಫೈಲ್ ಇದೆ." ಅದನ್ನು ತೆರೆದಳು. ಕೋಲು ಸಿಕ್ಕಿತು. ದೊಡ್ಡದು ಮಾಡಿದಳು, ಹೊರಳಿಸಿದಳು, ಮತ್ತೆ ಹೊರಳಿಸಿದಳು. ಲೇಸರ್ ಬರೀ ಆಕಾರವನ್ನು ಹಿಡಿದಿತ್ತು. ಮಸಿಯ ಒಂದು ಗೀಟೂ ಇರಲಿಲ್ಲ.

ಮುದುಕ ಇಳಿದು ಬಂದು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ.

"ಬಿದಿರಿನ ಗಿಣ್ಣು ಚೆನ್ನಾಗಿ ಬಂದಿದೆ," ಎಂದ.